ಬಾನೆಟ್ಟಿನ ಮೇಲೊಂದು ಮುಳ್ಳು

ನಮ್ಮ ಭಾವನಂಥ ಅಪನಂಬಿಕೆಯ ಮನುಷ್ಯ ಇಡೀ ಮುಂಬಯಿಯಲ್ಲಿ ಇನ್ನೊಬ್ಬರಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಲೇಬೇಡಿ, ಅವರಿಗೂ ಅದೇ ಇಷ್ಟ! ಮನುಷ್ಯರ ಮಾತನ್ನು ಅವರು ನಂಬುವುದಿಲ್ಲ. ಪೇಪರಿನಲ್ಲಿ ಬಂದದ್ದನ್ನು ನಂಬುವುದಿಲ್ಲ. ಸ್ವಂತ ಮೈ ಬಿಸಿಯಾದರೂ ಥರ್ಮಾಮೀಟರ್ ಒಪ್ಪುವವರೆಗೆ ಅದು ಜ್ವರವಲ್ಲ. ಅವರು ನಂಬುವುದು ಒಂದನ್ನೇ, ಮುಳ್ಳನ್ನು. ಒಂದು ದುಂಡನೆಯ ಗಾಜು, ಅದರೊಳಗೆ ನಾಲ್ಕು ಅಂಕಿ, ಅಂಕಿಗಳ ಮೇಲೆ ನಡುಗುವ ಒಂದು ಮುಳ್ಳು ಇದ್ದುಬಿಟ್ಟರೆ ಆಯಿತು, ಭಾವ ಅದರ ಮುಂದೆ ಕೈಕಟ್ಟಿ ನಿಂತುಬಿಡುತ್ತಾರೆ.

ಇದರಲ್ಲಿ ತಪ್ಪು ಪೂರಾ ಅವರದ್ದಲ್ಲ. ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಅವರಿಗೆ ಕೆಲಸ. ಏನು ಕೆಲಸ ಅಂತೀರಿ? ನೂಲಿನ ಎಳೆಯನ್ನು ಯಂತ್ರಕ್ಕೆ ಕಟ್ಟುವುದು, ಎಷ್ಟು ಭಾರಕ್ಕೆ ಅದು ತುಂಡಾಗುತ್ತದೆಂದು ಮುಳ್ಳು ನೋಡಿ ಹೇಳುವುದು. ಬೆಳಗಿನಿಂದ ಸಂಜೆಯವರೆಗೆ ಸಂಬಳ ತೆಗೆದುಕೊಂಡು ದಾರ ಹರಿಯುವವರು ಬೇರೆ ಹೇಗಿರಲು ಸಾಧ್ಯ!

ನನ್ನ ಮದುವೆಯ ಮಾತುಕತೆಗೆಂದು ಹುಡುಗನ ಮನೆಗೆ ಹೋದಾಗ ನಮ್ಮ ಕಡೆಯ ಹಿರಿಯರಾಗಿ ಹೋದವರು ಇವರೇ. ಹುಡುಗನ ತಾಯಿ ಭಾವನಿಗೆ ಕಾಫಿ ಒಗ್ಗುವುದಿಲ್ಲವೆಂದು ತಿಳಿದು ಒಂದು ಲೋಟ ಹಾಲು ತಂದಿಟ್ಟರು. ಭಾವ ಜೇಬಿನಿಂದ ಲ್ಯಾಕ್ಟೋಮೀಟರ್ ತೆಗೆದು ಎಲ್ಲರ ಎದುರಿಗೇ ಅದರೊಳಗೆ ಇಳಿಬಿಟ್ಟರು! ಅಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತಂತೆ. ಆಮೇಲೆ ಭಾವ ತಲೆಯೆತ್ತಿ, "ಒಳ್ಳೆ ಸಂಬಂಧ. ಒಂದು ಹನಿ ನೀರು ಬೆರೆಸಿಲ್ಲ" ಎಂದು ಘೋಷಿಸಿದರು. ಹೀಗೆ ನನ್ನ ಮದುವೆ ನಿಶ್ಚಯವಾಯಿತು.

ಅಕ್ಕ ಇದಕ್ಕೆ ಪೂರಾ ವಿರುದ್ಧ. ಅವಳದ್ದೆಲ್ಲ ಕೈಯಳತೆ, ಕಣ್ಣಳತೆ. "ಸಾರಿಗೆ ಸ್ವಲ್ಪ ಉಪ್ಪು ಅಂತೀಯಲ್ಲ, ಸ್ವಲ್ಪ ಅಂದರೆ ಎಷ್ಟು?" ಎಂದು ಮದುವೆಯಾದ ಹೊಸದರಲ್ಲಿ ಭಾವ ಕೇಳಿದ್ದರಂತೆ. "ನಿಮ್ಮ ಬಾಯಿ ಮುಚ್ಚೋಷ್ಟು" ಎಂದಳಂತೆ ಅಕ್ಕ. ನಮ್ಮಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಈ ಅಕ್ಕನೇ. ಆ ಕೈಯಳತೆಯ ಊಟವುಂಡೇ ನಾನು ಇಷ್ಟು ದಪ್ಪಗಾದದ್ದು.

ಇನ್ನು ಕಾರಿನ ವಿಷಯ. ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜನರ ನೂಕುನುಗ್ಗಲಿಗೆ ಸಿಕ್ಕಿ ಅಕ್ಕ ಒಮ್ಮೆ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು, ಆದರೆ ಕಾಲು ಮೊದಲಿನ ಕಾಲಾಗಲಿಲ್ಲ. ಮನೆಯೊಳಗೆ ಓಡಾಡುತ್ತಿದ್ದಳು, ಸೇತುವೆ ಹತ್ತಿ ಲೋಕಲ್ ಹಿಡಿಯುವುದು ಮಾತ್ರ ಅವಳ ಪಾಲಿಗೆ ಮುಗಿದೇಹೋಯಿತು. ಲೋಕಲ್ ಇಲ್ಲದೆ ಮುಂಬಯಿಯಲ್ಲಿ ಎಲ್ಲಿಗೆ ಹೋಗುತ್ತೀರಿ? ವಡಾಲದ ಕಾಲೊನಿಯಲ್ಲಿ ಅವಳು, ಮಲಾಡಿನ ಬಿಲ್ಡಿಂಗಿನಲ್ಲಿ ನಾನು. ಅವಳು ನನ್ನ ಮನೆಗೆ ಬರುವುದು ನಿಂತುಹೋಯಿತು. ಒಂದು ಭಾನುವಾರ ಭಾವ ಯಾರೋ ಪಾರಸಿ ಮುದುಕರಿಂದ ಒಂದು ಹಳೆಯ ಕಾರು ಕೊಂಡು ತಂದು ಬಾಗಿಲಿಗೆ ನಿಲ್ಲಿಸಿದರು. "ಇನ್ನು ಎಲ್ಲಿಗೆ ಬೇಕಾದರೂ ಹೇಳು" ಎಂದರು.

ಆ ಕಾರಿಗೆ ಸ್ವಾತಂತ್ರ್ಯಕ್ಕಿಂತ ಹೆಚ್ಚು ವಯಸ್ಸಾಗಿತ್ತು. ಮೈ ಕಪ್ಪು. ಮೇಲಿನ ಮಾಡು ಒಂದು ಕಾಲದಲ್ಲಿ ಬಿಳಿ ಇದ್ದದ್ದು ಬಿಸಿಲು ತಿಂದು ತಿಂದು ಹಳದಿಯಾಗಿತ್ತು. ಮನೆಯಿಂದ ಹೊರಡುವಾಗ ಕುದುರೆ! ನಾಲ್ಕಾರು ಮೈಲಿ ಓಡಿ ಮೈ ಬಿಸಿಯಾಯಿತೋ, ಕೆಮ್ಮಿ, ನಡುಗಿ, ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು.

ನನ್ನ ಸೀಮಂತದ ದಿನ ಅಕ್ಕ ಹೊಸ ಸೀರೆಯುಟ್ಟು, ಮಡಿಲು ತುಂಬುವ ಸಾಮಾನೆಲ್ಲ ತೊಡೆಯ ಮೇಲಿಟ್ಟುಕೊಂಡು ಈ ಕಾರಿನಲ್ಲಿ ಹೊರಟಳು. ಮಾಹಿಮ್ ಖಾಡಿಯ ಸೇತುವೆಯ ಮೇಲೆ, ಮಟಮಟ ಮಧ್ಯಾಹ್ನ, ಕಾರು ನಿಂತಿತು. ಕೆಳಗೆ ಖಾಡಿಯ ಕೊಳಕು ನೀರಿನ ವಾಸನೆ, ಮೇಲೆ ಬಿಸಿಲು, ಹಿಂದೆ ಇಡೀ ಮುಂಬಯಿಯ ಹಾರನ್ನು. ಅವತ್ತು ಅರ್ಧ ಗಂಟೆ ಬಿಟ್ಟರೂ ಅದು ಹೊರಡಲಿಲ್ಲ. ಅಕ್ಕ ನಮ್ಮ ಮನೆ ತಲುಪುವಾಗ ಶಾಸ್ತ್ರ ಮುಗಿದು, ಊಟ ಮುಗಿದು, ಬಂದವರು ತಾಂಬೂಲ ತೆಗೆದುಕೊಂಡು ಹೋಗಿಯಾಗಿತ್ತು. ನನಗೆ ಮಡಿಲು ತುಂಬಬೇಕಾದವಳು ಖಾಲಿ ಮಂಟಪದಲ್ಲಿ ಕೂತು ಅತ್ತಳು. ಅತ್ತು ಮುಗಿಸಿ, "ಇನ್ನು ಈ ಕಾರಿಗೆ ನಾನು ಕಾಲಿಡೋಲ್ಲ" ಎಂದು ಶಪಥ ಮಾಡಿದಳು. ಹಿಂದಿರುಗುವಾಗ ಬೇರೆ ದಾರಿಯಿಲ್ಲದೆ ಅದರಲ್ಲೇ ಹೋದಳು, ಆದರೆ ಅದು ಲೆಕ್ಕಕ್ಕಿಲ್ಲವಂತೆ.

"ಟ್ಯಾಕ್ಸಿ ಮಾಡಿಕೊಂಡು ಬಾರಕ್ಕ" ಎಂದೆ ನಾನು. ಅದಕ್ಕೂ ಒಪ್ಪಲಿಲ್ಲ! "ಇವರು ನನಗೋಸ್ಕರ ಕಾರು ತಂದು ಬಾಗಿಲಿಗೆ ನಿಲ್ಲಿಸಿರುವಾಗ, ಅದರ ಎದುರಿಗೇ ಬಾಡಿಗೆ ಗಾಡಿ ಹತ್ತಿ ಹೋದರೆ ಇವರ ಮುಖ ನೋಡೋಕಾಗುತ್ತೇನೇ?" ಎಂದಳು. ಕಾರು ಹತ್ತುವುದಿಲ್ಲ, ಟ್ಯಾಕ್ಸಿ ಹತ್ತುವುದಿಲ್ಲ, ಲೋಕಲ್ ಹತ್ತಲಾಗುವುದಿಲ್ಲ. ನನಗೋ ಹೆರಿಗೆ ಹತ್ತಿರ ಬರುತ್ತಿತ್ತು. ನನ್ನ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವವಳು ಅಕ್ಕನೇ ಆಗಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಈಗ ಕಾರು ಸರಿಯಾಗದೆ ಗತಿಯಿರಲಿಲ್ಲ.

ಕಾರು ಏಕೆ ನಿಲ್ಲುತ್ತದೆ ಎಂಬುದಕ್ಕೆ ಕಾಲೊನಿಯಲ್ಲಿ ತಲೆಗೊಂದು ಅಭಿಪ್ರಾಯವಿತ್ತು. ಎದುರುಮನೆಯವರು ದೃಷ್ಟಿ ಎಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಹೋದರು. ಬಂದರಿನ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಬಿಜಾಪುರದ ಮೌಲಾಸಾಬನದು ಒಂದೇ ರಾಗ, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ಲಿನದು.

"ಸಾಹೇಬ್ರ, ಎಲ್ಲಾ ಕಾಯಿಲ್ ಸಲುವಾಗಿರಿ. ಕಾಯಿಲ್ ಬದಲ್ ಮಾಡ್ರಿ, ಮುಗೀತು."

"ಅಳೆದು ನೋಡಿದ್ದೀಯೇನಪ್ಪ?"

"ಅಳಿಯೂದು ಯಾಕ್ರೀ? ಗಾಡಿ ಕೆಮ್ಮೂದು ಕೇಳಿದ್ರ ಸಾಕು, ಬ್ಯಾನಿ ಯಾವುದು ಅಂತ ಹೇಳತೀನಿ."

"ನೀನು ಹೇಳಿ ಹೇಳಿ ಮೂರು ಕಾಯಿಲ್ ಬದಲಾಯಿಸಿದ್ದೀನಲ್ಲಯ್ಯ!"

"ಹೌದಲ್ರೀ. ನಾಕನೇದು ಹತ್ತತಿತ್ತು, ನೀವು ಅವಸರ ಮಾಡಿದ್ರಿ."

ಭಾವನ ಪ್ರಕಾರ ರೋಗ ಬೇರೆ. ಟ್ಯಾಂಕಿನಿಂದ ಪೆಟ್ರೋಲು ಎಳೆದು ಇಂಜಿನ್ನಿಗೆ ದೂಡುವ ಒಂದು ಪುಟ್ಟ ಪಂಪು ಇರುತ್ತದಂತೆ. ಅದು ಎರಡೂವರೆ ಪೌಂಡಿನ ಒತ್ತಡದಲ್ಲಿ ದೂಡುತ್ತಿದ್ದರೆ ಕಾರು ಆರೋಗ್ಯವಾಗಿರುತ್ತದೆ, ಒಂದಕ್ಕಿಳಿದರೆ ಪೆಟ್ರೋಲು ಸಾಲದೆ ನಿಲ್ಲುತ್ತದೆ. "ಇಳಿಯುತ್ತೋ ಇಲ್ಲವೋ ಅಂತ ಹೇಗೆ ತಿಳಿಯಬೇಕು?" ಎಂದು ಭಾವ ನಮ್ಮನ್ನೇ ಕೇಳಿದರು. ಉತ್ತರ ನಮಗೆಲ್ಲ ಗೊತ್ತಿತ್ತು. ಮುಳ್ಳು ಹಾಕಬೇಕು!

ಚೋರ್ ಬಜಾರಿನಲ್ಲಿ ಹುಡುಕಿ ಮೊದಲ ಸಲ ತಂದದ್ದು ಊಟದ ತಟ್ಟೆಯಷ್ಟು ದೊಡ್ಡದು, ಯಾವುದೋ ಬಾಯ್ಲರಿನದು. ಮುನ್ನೂರು ಪೌಂಡು ಅಳೆಯುವ ಆ ಮುಳ್ಳು ನಮ್ಮ ಪಂಪಿನ ಎರಡೂವರೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಎರಡನೆಯದು ಅಂಗೈಯಗಲದ್ದು, ಹತ್ತು ಪೌಂಡಿನವರೆಗೆ ಅಂಕಿಗಳು. ಆದರೆ ಚೋರ್ ಬಜಾರಿನ ಮುಳ್ಳನ್ನು ಹಾಗೇ ನಂಬಲಾಗುತ್ತದೆಯೇ? ಅಳೆಯುವುದನ್ನೂ ಅಳೆಯಬೇಕು!

ಒಂದು ಮಹಡಿ ಎತ್ತರದ ನೀರಿಗೆ ನಾಲ್ಕು ಪೌಂಡು ಚಿಲ್ಲರೆ ಒತ್ತಡವಿರುತ್ತದೆಂದು ಭಾವ ಲೆಕ್ಕ ಹಾಕಿದರು. ಮೊದಲ ಮಹಡಿಯ ಅವರ ಬಾಲ್ಕನಿಯಿಂದ ನೆಲದವರೆಗೆ ರಬ್ಬರಿನ ನಳಿಗೆ ಇಳಿಬಿಟ್ಟು, ತುದಿಗೆ ಆ ಮುಳ್ಳಿನ ಗೇಜು ಕಟ್ಟಿಕೊಂಡು ಕೆಳಗೆ ಕೂತರು. ಮೇಲಿನಿಂದ ಆಲಿಕೆಯಲ್ಲಿ ನೀರು ಹೊಯ್ಯುವ ಕೆಲಸಕ್ಕೆ ಸಿಕ್ಕಿಬಿದ್ದವರು ನನ್ನ ಗಂಡ. ನೀರು ಬರುವುದೇ ಬೆಳಗ್ಗೆ ಒಂದಿಷ್ಟು ಹೊತ್ತು. ಅದನ್ನೂ ಇವರು ನಳಿಗೆಗೆ ಸುರಿಯುವುದನ್ನು ಇಡೀ ಕಾಲೊನಿ ನಿಂತು ನೋಡಿತು. ನಳಿಗೆ ತುಂಬಿತು, ಭಾವ "ಇನ್ನೂ ಹಾಕಿ, ಇನ್ನೂ ಹಾಕಿ" ಎಂದರು, ಕಟ್ಟಿದ್ದ ದಾರ ಪಟ್ಟೆಂದು ಹರಿಯಿತು. ನೀರೆಲ್ಲ ಕೆಳಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳಗಳ ಮೇಲೆ!

"ಅಹೋ, ಹೇ ಕಾಯ ಚಾಲ್ಲಂಯ? ಮಾಝೇ ಪಾಪಡ!" ಎಂದು ಕಾಕು ತಮ್ಮ ಹಪ್ಪಳಕ್ಕಾಗಿ ಬೊಬ್ಬೆಯಿಡುತ್ತಾ ಓಡಿಬಂದರು.

ತಲೆಯಿಂದ ನೀರಿಳಿಯುತ್ತಿದ್ದ ಭಾವ ಗೇಜು ಎತ್ತಿ ತೋರಿಸಿ, "ಕಾಕು, ಹರಿಯೋ ಮೊದಲು ನಾಲ್ಕೂಕಾಲು ತೋರಿಸ್ತು. ಮುಳ್ಳು ಸರಿಯಾಗಿದೆ!" ಎಂದು ಕನ್ನಡದಲ್ಲೇ ಸಂತೋಷ ಹಂಚಿಕೊಂಡರು. ಅಕ್ಕ ತನ್ನ ಮನೆಯ ಹಪ್ಪಳದ ಡಬ್ಬವನ್ನೇ ಕಾಕುವಿಗೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಗೇಜು ಕೂರಿಸುವ ದಿನ ಮೌಲಾಸಾಬ ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಕೊಳವೆಯನ್ನು ಕತ್ತರಿಸಿ, ನಡುವೆ ಮೂರು ಬಾಯಿಯ ಹಿತ್ತಾಳೆಯ ಟೀ ಆಕಾರದ ತುಂಡು ಹಾಕಿದ. ಭಾವನಿಗೆ ಗೇಜು ಒಳಗೆ, ಸ್ಟಿಯರಿಂಗಿನ ಪಕ್ಕ ಬೇಕಿತ್ತು.

"ಒಳಗ ಬ್ಯಾಡ್ರಿ ಸಾಹೇಬ್ರ," ಎಂದ ಮೌಲಾಸಾಬ. "ಪೆಟ್ರೋಲ್ ನಳಗಿ ಒಳಗ ತಂದ್ರ, ನಾಳೆ ಒಂದು ಹನಿ ಸೋರಿದ್ರೂ ಬಾಯಿಯವ್ರ ಕಾಲ ಮ್ಯಾಲೆ ಬೀಳತದ. ನೀವು ನೋಡಿದ್ರ ಸಿಗರೇಟು ಸೇದಾವ್ರು. ತೌಬಾ ತೌಬಾ!"

ಅಕ್ಕನ ಕಾಲು ಎಂದ ಕೂಡಲೇ ಭಾವ ಚರ್ಚೆ ನಿಲ್ಲಿಸಿದರು. ಗೇಜು ಹೊರಗೆ ಬಂತು. ಬಾನೆಟ್ಟಿನ ಹಿಂಬದಿಯಲ್ಲಿ, ಮುಂದಿನ ಗಾಜಿನ ಎದುರಿಗೆ, ಒಂದು ತಗಡಿನ ಕಾಲಿನ ಮೇಲೆ ನಿಂತಿತು. ಪಂಪು ಎಡಗಡೆ, ಕೊಳವೆ ಗಿಡ್ಡ; ಹಾಗಾಗಿ ಗೇಜೂ ಎಡಗಡೆಗೆ. ಬಲಗಡೆ ಕೂತು ಕಾರು ನಡೆಸುವ ಭಾವನಿಗೆ ಅಲ್ಲಿಂದ ಗಾಜಿನ ಹೊಳಪು ಮಾತ್ರ ಕಾಣುತ್ತಿತ್ತು, ಅಂಕಿಯಲ್ಲ. ಮುಂಬಯಿಯ ಇಂಥ ಅಪರೂಪದ ಗೇಜನ್ನು ಓದಲು ಎಡಗಡೆ ಇನ್ನೊಬ್ಬ ಮನುಷ್ಯ ಬೇಕೇಬೇಕಾಯಿತು!

ಅಕ್ಕ ಹತ್ತುವುದಿಲ್ಲವಲ್ಲ, ಹಾಗಾಗಿ ಸಿಕ್ಕಸಿಕ್ಕವರಿಗೆ ಲಿಫ್ಟ್ ಕೊಡುವುದು ಶುರುವಾಯಿತು. ಭಾವ ಹುಡುಕಬೇಕಾಗಿಯೂ ಇರಲಿಲ್ಲ, ಜನರೇ ಕೈ ತೋರಿಸುತ್ತಿದ್ದರು. ಏಕೆ ಗೊತ್ತೇ? ಮುಂಬಯಿಯ ಟ್ಯಾಕ್ಸಿಗಳು ಕಪ್ಪು ಮೈ, ಹಳದಿ ಮಾಡು. ಮೀಟರು ಕಾರಿನ ಹೊರಗೆ, ಎಡಗಡೆಗೆ! ಭಾವನಿಗೆ ಇದು ಹೊಳೆಯಲೇ ಇಲ್ಲ. ಒಂದು ದಿನ ದಾದರಿನಲ್ಲಿ ದಪ್ಪ ಸೇಠ್ ಒಬ್ಬರು ಬಾಗಿಲು ತೆಗೆದು ಕೂತೇಬಿಟ್ಟರು.

"ಭಾಯಖಳಾ ಚಲೋ. ಮೀಟರ್ ಚಾಲೂ ಹೈ ನಾ?"

"ಏಕ್‌ದಮ್ ಚಾಲೂ! ಆಪ್ ಕಾಂಟಾ ದೇಖ್‌ಕೇ ಬೋಲ್ತೇ ರಹಿಯೇ."

ಸೇಠ್ ಮುಳ್ಳು ನೋಡಿ ಪ್ರಾಮಾಣಿಕವಾಗಿ ಓದಿದರು. ಪರೇಲಿನಲ್ಲಿ "ಢಾಯೀ". ಲಾಲ್‌ಬಾಗಿನಲ್ಲಿ "ಅಭೀ ಭೀ ಢಾಯೀ". ಭಾಯಖಳಾದಲ್ಲಿಯೂ ಎರಡೂವರೆ! ಜೀವಮಾನದಲ್ಲಿ ಇಷ್ಟು ಪ್ರಾಮಾಣಿಕ ಮೀಟರು ಕಂಡಿರದ ಸೇಠ್ ಇಳಿಯುವಾಗ ಭಾವನ ಎರಡೂ ಕೈ ಹಿಡಿದುಕೊಂಡು, ಇಂಥದು ಎಲ್ಲ ಗಾಡಿಗೂ ಇರಬೇಕು ಎಂದು ಹರಸಿದರು. ಕೊಡಲು ಬಂದ ದುಡ್ಡನ್ನು ಭಾವ ಮುಟ್ಟಲಿಲ್ಲ. ಮನೆಗೆ ಬಂದು, "ನನ್ನ ಮುಳ್ಳಿನ ಮಹತ್ವ ತಿಳಿದವನು ಈ ಊರಲ್ಲಿ ಅವನೊಬ್ಬನೇ ಕಣೇ" ಎಂದು ಅಕ್ಕನಿಗೆ ಹೇಳಿದರು. ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಹೊರಟುಹೋದಳು.

ಕೊನೆಗೆ ಸಾಯನಿನ ವೃತ್ತದಲ್ಲಿ ಒಬ್ಬ ಹವಾಲ್ದಾರ ತಡೆದ. "ಬಿಲ್ಲಾ ಕುಠೇ ಆಹೇ? ಪರ್ಮಿಟ್ ದಾಖವಾ!" ಬಿಲ್ಲೆಯಿಲ್ಲದ, ಪರ್ಮಿಟ್ಟಿಲ್ಲದ ಟ್ಯಾಕ್ಸಿ ಎಂದೇ ಅವನ ತೀರ್ಮಾನ. ಭಾವ ಕೋಪಿಸಿಕೊಳ್ಳಲಿಲ್ಲ. ಇಳಿದು, ಬಾನೆಟ್ಟು ಎತ್ತಿ, ತಮ್ಮ ಮರಾಠಿಯಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ಪಾಠ ಶುರು ಮಾಡಿದರು. ಹಿಂದೆ ಬಸ್ಸುಗಳು ಸಾಲುಗಟ್ಟಿದವು. ಹವಾಲ್ದಾರ ಮೂರು ಸಲ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆಮೇಲೆ ಕೈಮುಗಿದು, "ಜಾ ಬಾಬಾ, ಜಾ!" ಎಂದ. "ಕಾರ್ಬುರೇಟರ್ ವಿಷಯಕ್ಕೆ ಇನ್ನೂ ಬಂದೇ ಇರಲಿಲ್ಲ, ಅಷ್ಟರಲ್ಲಿ ಕಳಿಸಿಬಿಟ್ಟ" ಎಂದು ಭಾವನಿಗೆ ಬೇಸರ.

ನಗಬೇಡಿ, ಮುಳ್ಳು ಸುಮ್ಮನೆ ಕೂತಿರಲಿಲ್ಲ. ಇಂಜಿನ್ ಬಿಸಿಯಾದ ಹಾಗೆಲ್ಲ ಅದು ಎರಡೂವರೆಯಿಂದ ಇಳಿಯುವುದು ಗೊತ್ತಾಯಿತು. ಶಾಖಕ್ಕೆ ಪಂಪಿನೊಳಗೇ ಪೆಟ್ರೋಲು ಆವಿಯಾಗುತ್ತಿತ್ತು. ಮದ್ದು? ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು! "ಜ್ವರಕ್ಕೆ ಒದ್ದೆ ಬಟ್ಟೆ ಹಾಕಬೇಕು ಅನ್ನೋದಕ್ಕೆ ಇಷ್ಟೆಲ್ಲಾ ಬೇಕಿತ್ತೇನ್ರೀ? ನನ್ನ ಕೇಳಿದ್ದರೆ ಹೇಳ್ತಿರಲಿಲ್ಲವೇ?" ಎಂದು ಅಕ್ಕ ತನ್ನ ಹಳೆಯ ಸೀರೆಯೊಂದನ್ನು ಹರಿದುಕೊಟ್ಟಳು. ಸೀರೆ ಸುತ್ತಿದ ಮೇಲೆ ಮುಳ್ಳು ಬಹುಮಟ್ಟಿಗೆ ಇಳಿಯಲಿಲ್ಲ. ಬಹುಮಟ್ಟಿಗೆ ಎಂದೆನಲ್ಲ, ಅದನ್ನು ಗಮನಿಸಿ.

ಅಷ್ಟರಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಹನ್ನೆರಡನೆಯ ದಿನ ನಾಮಕರಣವೆಂದು ಗೊತ್ತಾಯಿತು. ಅಕ್ಕ ಇನ್ನೂ ಮಗುವಿನ ಮುಖ ನೋಡಿರಲಿಲ್ಲ. ಭಾವ ಅವಳ ಮುಂದೆ ಬಂದು ನಿಂತರಂತೆ.

"ನೀನೇ ಎಡಗಡೆ ಕೂತ್ಕೊ. ನೀನೇ ಮುಳ್ಳು ಓದು. ಎರಡಕ್ಕಿಂತ ಕೆಳಗಿಳಿದ ತಕ್ಷಣ ಹೇಳು, ಅಲ್ಲೇ ಕಾರು ನಿಲ್ಲಿಸಿ ಟ್ಯಾಕ್ಸಿ ಹಿಡಿದುಕೊಡ್ತೀನಿ. ಮಾರನೇ ದಿನ ಈ ಕಾರು ಕುರ್ಲಾದ ಗುಜರಿಗೆ ಹೋಗುತ್ತೆ. ಸರಿಯಾ?"

"ದೇವರ ಮುಂದೆ ಹೇಳಿ."

ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು ಭಾವ ಹೇಳಿದರು. ಅಕ್ಕ ಕಾರು ಹತ್ತಿದಳು. ಭಾವನ ಕಾರಿನ ಜೀವ ಈಗ ಅವಳ ನಾಲಗೆಯ ಮೇಲಿತ್ತು.

ಮುಂದಿನದನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಮಾಹಿಮ್ ಖಾಡಿಯ ಸೇತುವೆ ಬಂದಾಗ ಭಾವ ಉಸಿರು ಬಿಗಿಹಿಡಿದು, "ಎಷ್ಟಿದೆ?" ಎಂದರು. "ಎರಡೂವರೆ" ಎಂದಳು ಅಕ್ಕ. ಸೇತುವೆ ದಾಟಿತು. ಬಾಂದ್ರಾ, ಎರಡೂವರೆ. ಸಾಂತಾಕ್ರೂಜ್, ಎರಡೂವರೆ. ಅಂಧೇರಿಯಲ್ಲಿ ಕಾರು ಒಂದು ಸಲ ಕೆಮ್ಮಿತು. "ಎಷ್ಟಿದೆ?" "ಎರಡೂವರೆ." ಜೋಗೇಶ್ವರಿಯಲ್ಲಿ ನಡುಗಿತು. "ಎಷ್ಟು, ಎಷ್ಟು?" "ಎರಡೂವರೆ ಅಂದೆನಲ್ಲ, ರಸ್ತೆ ನೋಡ್ಕೊಂಡು ನಡೆಸಿ!" ಇನ್ನರ್ಧ ಮೈಲಿ ಹೋಗಿ ಕಾರು ನಿಂತಿತು.

ಇಲ್ಲಿ ಮಲಾಡಿನಲ್ಲಿ ಪುರೋಹಿತರು ಗಡಿಯಾರ ನೋಡುತ್ತಿದ್ದರು. ನನ್ನ ಅತ್ತೆ, "ತೊಟ್ಟಿಲಿಗೆ ನಾನೇ ಹಾಕಲೇನಮ್ಮ?" ಎಂದು ಎರಡು ಸಲ ಕೇಳಿದರು. "ಇನ್ನೊಂದು ಸ್ವಲ್ಪ ಹೊತ್ತು" ಎಂದು ಎರಡು ಸಲವೂ ಹೇಳಿದೆ. ಸೀಮಂತದ ದಿನದ್ದೇ ಆಗುತ್ತದೆಂದು ಹೆದರಿ ಬೀದಿಯ ಕಡೆಗೇ ಕಿವಿಯಿಟ್ಟು ಕೂತಿದ್ದೆ. ಮುಹೂರ್ತಕ್ಕೆ ಇನ್ನೇನು ಹೊತ್ತಿಲ್ಲ ಎನ್ನುವಾಗ ಕೆಳಗೆ ಆ ಕೆಮ್ಮು ಕೇಳಿಸಿತು. ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ ಭಾವ ಒಂದು ತೋಳು ಹಿಡಿದು, ನನ್ನ ಗಂಡ ಇನ್ನೊಂದು ತೋಳು ಹಿಡಿದು ಅಕ್ಕನನ್ನು ಮೆಟ್ಟಿಲು ಹತ್ತಿಸಿದರು. ಅವಳು ನೇರವಾಗಿ ಬಂದು ಮಗುವನ್ನು ಎತ್ತಿಕೊಂಡಳು. ಯಾರೂ ಹೇಳಿಕೊಡದೆಯೇ ಅದನ್ನು ತೊಟ್ಟಿಲಿಗೆ ಹಾಕಿದಳು.

ಊಟಕ್ಕೆ ಕೂತಾಗ ಭಾವ ಎಲ್ಲರೆದುರು ಗಂಟಲು ಸರಿಮಾಡಿಕೊಂಡರು. "ಕಾರು ನಿಂತದ್ದು ನಿಜ. ದೇವರ ಮುಂದೆ ಆಡಿದ ಮಾತು. ನಾಳೆ ಕುರ್ಲಾಕ್ಕೆ ಕೊಟ್ಟುಬಿಡ್ತೀನಿ."

"ನಿಂತರೆ ಕೊಡ್ತೀನಿ ಅಂತ ಹೇಳಿರಲಿಲ್ಲ," ಎಂದಳು ಅಕ್ಕ. "ಮುಳ್ಳು ಇಳಿದರೆ ಅಂತ ಹೇಳಿದ್ದು. ಮುಳ್ಳು ಇಳಿಯಲಿಲ್ಲ."

"ಇಳಿದಿರಲೇಬೇಕು ಕಣೇ. ಪೆಟ್ರೋಲ್ ಸಾಲದೆ ಇಂಜಿನ್ ನಿಲ್ಲೋ ಶಬ್ದ ನನಗೆ ಗೊತ್ತಾಗೋಲ್ಲವೇ?"

"ಶಬ್ದಗಿಬ್ದ ಎಲ್ಲ ಬೇಡ. ಅಳತೆ ಎಷ್ಟು ಅಂತ ಕೇಳಿ. ಎರಡೂವರೆ."

ಜೀವಮಾನವಿಡೀ ನಮ್ಮ ಬಾಯಿ ಮುಚ್ಚಿಸಿದ ಆಯುಧವನ್ನು ಅಕ್ಕ ಭಾವನ ಮೇಲೇ ತಿರುಗಿಸಿದ್ದಳು! ಭಾವ ಎಲೆಯ ಮೇಲಿನ ಹೋಳಿಗೆಯನ್ನು ಮುರಿದರು. ಆಮೇಲೆ ತಲೆ ತಗ್ಗಿಸಿಯೇ, "ತುಪ್ಪ ಬಡಿಸಿ" ಎಂದರು.

ಮಧ್ಯಾಹ್ನ ನನ್ನ ಮಂಚದ ಮೇಲೆ ಕಾಲು ಚಾಚಿಕೊಂಡು ಕೂತ ಅಕ್ಕನನ್ನು ಕೇಳಿದೆ, "ನಿಜ ಹೇಳಕ್ಕ, ಎಷ್ಟಿತ್ತು?"

"ಅಂಧೇರಿಯಲ್ಲೇ ಒಂದೂವರೆ ಕಣೇ. ಜೋಗೇಶ್ವರಿಗೆ ಬರೋಷ್ಟರಲ್ಲಿ ಮಲಗೇಬಿಟ್ಟಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಮಾಹಿಮ್ ಸೇತುವೆ ದಾಟಿದಾಗ ಅವರ ಮುಖ ನೋಡಬೇಕಿತ್ತು ನೀನು," ಎಂದಳು. ಮಗುವಿನ ಕಾಲನ್ನು ನೀವುತ್ತಾ ಕೂತಳು.

ಬಿಸಿಲಿಳಿದ ಮೇಲೆ ಹೊರಟರು. ಬಾಣಂತಿ ಕೆಳಗಿಳಿಯುವಂತಿಲ್ಲ, ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತೆ. ಭಾವ ಸೀರೆಯ ತುಂಡನ್ನು ಹೊಸದಾಗಿ ನೆನೆಸಿ ಪಂಪಿಗೆ ಸುತ್ತಿ, ಬಾನೆಟ್ಟು ಮುಚ್ಚಿ, ಅಕ್ಕನ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟು ಬಾಗಿಲು ಹಾಕಿದರು. ತಾವೂ ಬಂದು ಕೂತರು; ಕಾರಿನ ಗಾಜು ಇಳಿದಿದ್ದರಿಂದ ಮಾತು ನನಗೆ ಮೇಲಕ್ಕೂ ಕೇಳಿಸುತ್ತಿತ್ತು. ಕಾರು ಶುರು ಮಾಡುವ ಮೊದಲು, ಕೀಲಿಕೈ ಕೈಯಲ್ಲಿರುವಾಗಲೇ, ಅವಳ ಕಡೆಗೆ ತಿರುಗಿ ಕೇಳಿದರು, "ಎಷ್ಟಿದೆ?"

ಇಂಜಿನ್ ನಡೆಯದಿದ್ದರೆ ಪಂಪು ನಡೆಯುವುದಿಲ್ಲ. ಪಂಪು ನಡೆಯದಿದ್ದರೆ ಮುಳ್ಳು ಸೊನ್ನೆಯಲ್ಲಿರುತ್ತದೆ. ಅಷ್ಟು ದಿನ ಅವರ ಪಾಠ ಕೇಳಿದ ನನಗೇ ಇದು ಗೊತ್ತಿದ್ದ ಮೇಲೆ ಅವರಿಗೆ ಗೊತ್ತಿರಲಿಲ್ಲವೇ?

"ಎರಡೂವರೆ" ಎಂದಳು ಅಕ್ಕ.

"ಸರಿ ಹಾಗಾದರೆ, ಹೋಗೋಣ" ಎಂದು ಭಾವ ಕೀಲಿ ತಿರುಗಿಸಿದರು. ನನ್ನ ಹಿಂದೆ ಅತ್ತೆ, ಬಾಣಂತಿ ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದು ಗದರುತ್ತಿದ್ದರು. ಅವರಿಬ್ಬರ ಮೇಲೂ ನನಗೆ ಎಷ್ಟು ಪ್ರೀತಿ ಬಂತೆಂದರೆ, ನಾನು ಅತ್ತುಬಿಟ್ಟೆ.